ಆಕಾಶದಲ್ಲೊಂದು ಗೋಮಾಳ

ಊರ ಗೋಮಾಳ ಯಾರೊಬ್ಬರ ಹೆಸರಿನಲ್ಲೂ ಇರುವುದಿಲ್ಲ, ಆದರೆ ಅದಕ್ಕೂ ಸರ್ವೆ ನಂಬರ್ ಇರುತ್ತದೆ, ಬಾಂದುಕಲ್ಲು ಇರುತ್ತದೆ. ಹವ್ಯಾಸಿ ರೇಡಿಯೋದವರ, ಅಂದರೆ ಸಂಪಾದನೆಗಲ್ಲದೆ ಹವ್ಯಾಸಕ್ಕೆಂದು ರೇಡಿಯೋ ಅಲೆಗಳಲ್ಲಿ ಪರಸ್ಪರ ಮಾತಾಡುವ ಹ್ಯಾಮ್‌ಗಳ, ತರಂಗಗಳೂ ಹಾಗೆಯೇ. 14.000ದಿಂದ 14.350 ಮೆಗಾಹರ್ಟ್ಸ್‌ವರೆಗಿನ ಪಟ್ಟಿ ಜಗತ್ತಿನ ಹ್ಯಾಮ್‌ಗಳಿಗೆಲ್ಲ ಸೇರಿದ್ದು. ಖಾಲಿ ಇದ್ದ ಕಡೆ ಮಾತಾಡಬಹುದೇ ಹೊರತು, ಇದು ನನ್ನದು ಎಂದು ಬೇಲಿ ಹಾಕುವಂತಿಲ್ಲ.

ತಮಾಷೆಯೆಂದರೆ, ಇದು ಬಂಜರೆಂದು ಬಿಟ್ಟುಕೊಟ್ಟ ಜಾಗ. 1912ರಲ್ಲಿ ಅಮೆರಿಕದ ರೇಡಿಯೋ ಕಾಯ್ದೆ ಹವ್ಯಾಸಿಗಳನ್ನು 200 ಮೀಟರ್‌ಗಿಂತ ಉದ್ದದ ಅಲೆಗಳಿಂದ ಹೊರಗಟ್ಟಿತು. ಅಲೆ ಉದ್ದವಾದಷ್ಟೂ ದೂರ ಹೋಗುತ್ತದೆ ಎಂದೇ ಆಗ ಬಲ್ಲವರೂ ನಂಬಿದ್ದರು. ಗಿಡ್ಡ ಅಲೆಗಳು ಹುಡುಗಾಟಕ್ಕೆ ಸಾಕು ಎಂಬ ಉದಾಸೀನ. 1923ರ ನವೆಂಬರಿನಲ್ಲಿ ಸುಮಾರು 110 ಮೀಟರಿನ ಅಲೆಯಲ್ಲಿ ಕನೆಕ್ಟಿಕಟ್‌ನ ಹವ್ಯಾಸಿಯೊಬ್ಬ ಫ್ರಾನ್ಸಿನ ನೀಸ್‌ನಲ್ಲಿದ್ದವನೊಡನೆ ಅಟ್ಲಾಂಟಿಕ್‌ನ ಆಚೆಈಚೆ ಸಂದೇಶ ವಿನಿಮಯ ಮಾಡಿಕೊಂಡ. ಗಿಡ್ಡ ಅಲೆಯನ್ನು ಮೇಲಿನ ಅಯಾನುಗೋಳ, ಅಂದರೆ ವಾತಾವರಣದ ವಿದ್ಯುದಾವೇಶದ ಮೇಲ್ಪದರ, ಮತ್ತೆ ನೆಲದತ್ತ ಬಾಗಿಸಿ ಕಳಿಸುತ್ತಿತ್ತು. ಬಂಜರಿನಲ್ಲಿ ನೀರು ಸಿಕ್ಕಿತೆಂದ ಮೇಲೆ ಕೇಳಬೇಕೆ? ಕಂಪನಿಗಳು, ಸೇನೆಗಳು, ಬಾನುಲಿ ಕೇಂದ್ರಗಳು ನುಗ್ಗಿದವು. 1927ರ ವಾಷಿಂಗ್ಟನ್ ಸಮ್ಮೇಳನದಲ್ಲಿ ಹ್ಯಾಮ್‌ಗಳಿಗೆ ಉಳಿದದ್ದು ಗಡಿ ಗುರುತಿಸಿದ ಕೆಲವು ತುಂಡುಗಳು.

ಈಗ ಗಡಿ ಗುರುತಿಸುವುದು ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಅದು ಭೂಮಿಯನ್ನು ಮೂರು ವಲಯಗಳಾಗಿ ಹಂಚಿದೆ: ಯುರೋಪ್-ಆಫ್ರಿಕಾ ಒಂದನೆಯದು, ಅಮೆರಿಕ ಖಂಡಗಳು ಎರಡನೆಯದು, ಭಾರತ ಮೂರನೆಯದರಲ್ಲಿದೆ. ಅಲೆಗಳಿಗೆ ಈ ಗೆರೆ ಗೊತ್ತೆ? 40 ಮೀಟರ್ ಬ್ಯಾಂಡಿನ, ಅಂದರೆ ಸುಮಾರು 7 ಮೆಗಾಹರ್ಟ್ಸ್‌ನ ಪಟ್ಟಿಯ, ಪಾಡು ನೋಡಿ. ಅಮೆರಿಕದಲ್ಲಿ ಹ್ಯಾಮ್‌ಗಳಿಗೆ 7.0ಯಿಂದ 7.3 ಮೆಗಾಹರ್ಟ್ಸ್ ಇದ್ದರೆ, ನಮ್ಮಲ್ಲೂ ಯುರೋಪಿನಲ್ಲೂ 7.1ಕ್ಕೇ ಮುಗಿಯುತ್ತಿತ್ತು, ಆಚೆಯದು ಬಾನುಲಿ ಕೇಂದ್ರಗಳ ಪಾಲು. ಹಗಲಲ್ಲಿ ತೊಂದರೆಯಿಲ್ಲ, ಅಯಾನುಗೋಳದ ಕೆಳಪದರ ಈ ಅಲೆಗಳನ್ನು ಹೀರಿ ದೂರ ಹೋಗಗೊಡದು. ಕತ್ತಲಾದರೆ ಆ ಪದರ ಕರಗುತ್ತದೆ, ಅಲೆ ಸಾಗರ ದಾಟುತ್ತದೆ. 100 ವಾಟ್‌ನ ಹ್ಯಾಮ್ ಮೇಲೆ ನೂರಾರು ಕಿಲೋವಾಟ್‌ನ ವಾರ್ತೆ, ಸಂಗೀತ ಬಂದು ಕೂರುತ್ತಿತ್ತು. ಇಬ್ಬರೂ ಕಾನೂನಿನ ಪ್ರಕಾರವೇ ಇದ್ದರು! 2003ರ ಸಮ್ಮೇಳನ ತೀರ್ಮಾನಿಸಿ, 2009ರ ಮಾರ್ಚ್ 29ರಿಂದ 7.2ರವರೆಗಿನ ಜಾಗವನ್ನು ಬಾನುಲಿಗಳು ತೆರವು ಮಾಡಿದವು. ಒತ್ತುವರಿ ತೆರವಿಗೆ ಆರು ವರ್ಷ. ನಮ್ಮ ಕಂದಾಯ ಕಚೇರಿಗಳ ಲೆಕ್ಕದಲ್ಲಿ ಬೇಗವೇ ಆಯಿತೆನ್ನಿ.

ಒಕ್ಕೂಟ ಗಡಿ ಹಾಕಿದರೂ ಲೈಸೆನ್ಸ್ ಕೊಡುವುದು ಆಯಾ ದೇಶ. ಭಾರತದಲ್ಲಿ ದೂರಸಂಪರ್ಕ ಇಲಾಖೆಯಲ್ಲಿ ತರಂಗಗಳ ಹಂಚಿಕೆ ನೋಡಿಕೊಳ್ಳುವ ಡಬ್ಲ್ಯೂಪಿಸಿ ವಿಭಾಗ, ಪರೀಕ್ಷೆ ಪಾಸಾದ ಮೇಲೆ. ಎಲ್ಲ ಪಟ್ಟಿಯಲ್ಲೂ ಹ್ಯಾಮ್ ಯಜಮಾನನಲ್ಲ. 435 ಮೆಗಾಹರ್ಟ್ಸ್ ಸುತ್ತ ಅವನದು ಎರಡನೆಯ ದರ್ಜೆ: ಮೊದಲ ಹಕ್ಕುದಾರನಿಗೆ ಅಡ್ಡಿ ಮಾಡಬಾರದು, ಅವನಿಂದ ಅಡ್ಡಿಯಾದರೆ ದೂರುವಂತೆಯೂ ಇಲ್ಲ.

2 ಮೀಟರ್ ಬ್ಯಾಂಡ್ ಅಮೆರಿಕದಲ್ಲಿ 144ರಿಂದ 148 ಮೆಗಾಹರ್ಟ್ಸ್, ಭಾರತದಲ್ಲಿ 146ಕ್ಕೇ ನಿಲ್ಲುತ್ತದೆ. ಅಲ್ಲಿಂದ ತಂದ ವಾಕಿಟಾಕಿಗೆ ಇದು ತಿಳಿಯದು, ಗುಂಡಿ ಒತ್ತುವವನಿಗೆ ತಿಳಿದಿರಬೇಕು. 2005ರ ಮೇ 5ರಂದು ಇಸ್ರೋ ಹ್ಯಾಮ್‌ಗಳಿಗೆಂದೇ ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹ ನೆಲಕ್ಕೆ ಮಾತು ಕಳಿಸಿದ್ದು 145.9ರ ಆಸುಪಾಸಿನಲ್ಲಿ. 146ರ ಆಚೆ ಯುರೋಪಿನ ಹ್ಯಾಮ್‌ಗಳಿಗೆ ಪ್ರವೇಶವಿಲ್ಲ. ಉಪಗ್ರಹವೋ ದಿನಾ ಅವರ ತಲೆಯ ಮೇಲೂ ಹಾಯಬೇಕಿತ್ತು.