ಪದ ಪರಿಚಯ: ಪೋಲೆಂಡ್ ಸ್ಪೀಡ್‌ವೇ ತಂಡ

ಸ್ಪೀಡ್‌ವೇ ಅಂದರೆ ಮಣ್ಣಿನ ಟ್ರ್ಯಾಕ್ ಮೇಲೆ ನಡೆಯುವ ಮೋಟಾರ್‌ಸೈಕಲ್ ರೇಸ್. ಒಂದು ರೇಸಿಗೆ ನಾಲ್ಕೇ ಸವಾರರು, ನಾಲ್ಕೇ ಸುತ್ತು. ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ಬೈಕಿಗೆ 500 ಸಿಸಿ ಎಂಜಿನ್, ಇಂಧನ ಮೆಥನಾಲ್, ಗೇರ್ ಒಂದೇ. ಬ್ರೇಕ್ ಇಲ್ಲವೇ ಇಲ್ಲ! ಸುತ್ತುವುದು ಯಾವಾಗಲೂ ಎಡಕ್ಕೆ. ಹಾಗಾಗಿ ತಿರುವು ಬಂದಾಗ ಸವಾರ ಉಕ್ಕಿನ ತಳವಿರುವ ಎಡಗಾಲಿನ ಬೂಟನ್ನು ನೆಲಕ್ಕೆ ತಾಗಿಸಿ, ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸಿಕೊಂಡು ಹೋಗುತ್ತಾನೆ.

ಇದು ಒಬ್ಬೊಬ್ಬರ ಆಟದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ದೇಶ ದೇಶಗಳ ಪೈಪೋಟಿಯೂ ಇದೆ. ವಿಶ್ವಕಪ್ ಫೈನಲ್‌ನಲ್ಲಿ ನಾಲ್ಕು ದೇಶಗಳಿರುತ್ತವೆ. ಪ್ರತಿ ರೇಸಿನಲ್ಲೂ ಒಂದೊಂದು ದೇಶದಿಂದ ಒಬ್ಬೊಬ್ಬ ಸವಾರ. ಗೆದ್ದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಎಲ್ಲ ರೇಸುಗಳ ಅಂಕ ಕೂಡಿಸಿ ಜಾಸ್ತಿ ಇದ್ದವರಿಗೆ ಕಪ್. ಒಬ್ಬನೇ ಸವಾರ ಎಲ್ಲ ರೇಸಿಗೂ ಇಳಿಯುವಂತಿಲ್ಲ. ಆದ್ದರಿಂದ ತಂಡದ ಮೊದಲನೆಯ ಸವಾರ ಎಷ್ಟು ಚುರುಕು ಅನ್ನುವುದಷ್ಟೇ ಸಾಲದು, ನಾಲ್ಕನೆಯವನು ಹೇಗಿದ್ದಾನೆ ಅನ್ನುವುದೂ ಮುಖ್ಯ. ಪೋಲೆಂಡಿನ ಕಥೆ ಇಷ್ಟರಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ತಂಡಗಳ ವಿಶ್ವ ಸ್ಪರ್ಧೆ ಶುರುವಾದದ್ದು 1960ರಲ್ಲಿ. ಮೊದಲ ಕಪ್ ಸ್ವೀಡನ್ನಿಗೆ ಹೋಯಿತು. ಮರುವರ್ಷವೇ ವ್ರೋತ್ಸ್‌ವಾಫ್ ನಗರದಲ್ಲಿ ಪೋಲೆಂಡ್ ಗೆದ್ದಿತು. ಆಮೇಲೆ 1965, 1966, 1969ರಲ್ಲಿ ಮತ್ತೆ ಗೆಲುವು. 1973ರಲ್ಲಿ ಹೋಝುಫ್‌ನ ದೊಡ್ಡ ಕ್ರೀಡಾಂಗಣದಲ್ಲಿ ಯೆಜಿ ಷ್ಚಾಕೆಲ್ ವೈಯಕ್ತಿಕ ವಿಶ್ವ ಚಾಂಪಿಯನ್ ಆದರು. ಪೋಲೆಂಡಿಗೆ ಆ ಪಟ್ಟ ಸಿಕ್ಕಿದ್ದು ಅದೇ ಮೊದಲು. ಆದರೆ ತಂಡದ ಕಪ್ ಮಾತ್ರ ದೂರವೇ ಉಳಿಯಿತು. 1996ರಲ್ಲಿ ಜರ್ಮನಿಯಲ್ಲಿ ತೊಮಾಷ್ ಗೋಲೊಬ್ ಇದ್ದ ತಂಡ ಗೆಲ್ಲುವವರೆಗೆ 27 ವರ್ಷ ಕಾಯಬೇಕಾಯಿತು.

2001ರಲ್ಲಿ ಸ್ಪರ್ಧೆಗೆ ವಿಶ್ವಕಪ್ ಎಂಬ ಹೊಸ ರೂಪ ಬಂತು. 2017ರವರೆಗೆ ನಡೆದ 17 ವಿಶ್ವಕಪ್‌ಗಳಲ್ಲಿ 8 ಪೋಲೆಂಡಿನವು: 2005, 2007, 2009, 2010, 2011, 2013, 2016, 2017. ಇವುಗಳಲ್ಲಿ ಏಳು ಬಂದದ್ದು ಕೋಚ್ ಮಾರೆಕ್ ಚೆಶ್ಲಾಕ್ ಕಾಲದಲ್ಲಿ. ಇದೆಲ್ಲ ಸುಲಭವಾಗಿ ಸಿಕ್ಕಿದ್ದಲ್ಲ. 2013ರಲ್ಲಿ ಪ್ರಾಗ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಗೆದ್ದ ಅಂತರ ಒಂದೇ ಅಂಕ. ಮರುವರ್ಷ ತನ್ನದೇ ನೆಲದ ಬಿದ್ಗೋಷ್ಚ್‌ನಲ್ಲಿ ಅದೇ ಡೆನ್ಮಾರ್ಕ್‌ಗೆ ಸೋತ ಅಂತರವೂ ಒಂದೇ ಅಂಕ.

ಇಷ್ಟು ಸವಾರರು ಎಲ್ಲಿಂದ ಬರುತ್ತಾರೆ? ಲೆಷ್ನೊ, ತೋರುನ್, ಗೋಝುಫ್‌ನಂಥ ಊರುಗಳಲ್ಲಿ ಸ್ಪೀಡ್‌ವೇ ಕ್ಲಬ್ಬೇ ಊರಿನ ಹೆಮ್ಮೆ. ನಮ್ಮಲ್ಲಿ ಕ್ರಿಕೆಟ್ಟಿಗೆ ಇರುವ ಹುಚ್ಚು ಅಲ್ಲಿ ಈ ಬೈಕುಗಳಿಗೆ. ಪೋಲೆಂಡಿನ ಎಕ್ಸ್‌ಟ್ರಾಲೀಗಾ ಲೀಗಿನಲ್ಲಿ ಸಿಗುವಷ್ಟು ಹಣ ಬೇರೆ ಯಾವ ದೇಶದ ಲೀಗಿನಲ್ಲೂ ಇಲ್ಲ. ಪ್ರಪಂಚದ ಒಳ್ಳೊಳ್ಳೆಯ ಸವಾರರೆಲ್ಲ ಅಲ್ಲಿ ಬಂದು ಆಡುತ್ತಾರೆ. ಜತೆಗೆ ಪ್ರತಿ ಕ್ಲಬ್ಬೂ ಪಂದ್ಯದಲ್ಲಿ ಎಳೆಯ ಪೋಲಿಷ್ ಸವಾರರನ್ನು ಇಳಿಸಲೇಬೇಕು. ಹದಿನೇಳು, ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್ ಪಕ್ಕದಲ್ಲಿ ನಿಂತು ರೇಸ್ ಶುರು ಮಾಡುತ್ತಾನೆ. ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕೇ? ಬಾರ್ತೋಷ್ ಝ್ಮಾರ್ಜ್ಲಿಕ್ ಇದೇ ದಾರಿಯಲ್ಲಿ ಬೆಳೆದವರು. 2019ರಿಂದ 2025ರ ನಡುವೆ ಅವರು 6 ಸಲ ವಿಶ್ವ ಚಾಂಪಿಯನ್ ಆಗಿದ್ದಾರೆ.

ಹಾಗಿದ್ದರೂ ಒಂದು ಕಡೆ ಈ ತಂಡಕ್ಕೆ ಕೈಗೂಡಲಿಲ್ಲ. 2018ರಲ್ಲಿ ವಿಶ್ವಕಪ್ ನಿಲ್ಲಿಸಿ ಸ್ಪೀಡ್‌ವೇ ಆಫ್ ನೇಷನ್ಸ್ ಎಂಬ ಜೋಡಿಗಳ ಸ್ಪರ್ಧೆ ತಂದರು. ಇಲ್ಲಿ ರೇಸಿಗೆ ಒಂದು ದೇಶದಿಂದ ಇಬ್ಬರು ಸವಾರರು, ಮೊದಲ ಕೆಲವು ವರ್ಷ ಜತೆಗೆ ಒಬ್ಬ 21ರೊಳಗಿನ ಹುಡುಗನೂ ತಂಡದಲ್ಲಿರಬೇಕಿತ್ತು. 2024ರವರೆಗೆ ಇದು 6 ಸಲ ನಡೆಯಿತು. ರಷ್ಯಾ 3, ಬ್ರಿಟನ್ 2, ಆಸ್ಟ್ರೇಲಿಯಾ 1 ಸಲ ಗೆದ್ದವು. ಪೋಲೆಂಡ್ ಒಮ್ಮೆಯೂ ಇಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಇಬ್ಬರು ಒಳ್ಳೆಯ ಸವಾರರು ಹಲವು ದೇಶಗಳಲ್ಲಿ ಸಿಗುತ್ತಾರೆ. ಒಳ್ಳೆಯ ಐವರು ಸಿಗುವುದು ಪೋಲೆಂಡಿನಲ್ಲಿ. ಜೋಡಿಗಳ ಸ್ಪರ್ಧೆಯಲ್ಲಿ ಆ ಉಳಿದ ಮೂವರು ಗ್ಯಾಲರಿಯಲ್ಲೇ ಕೂರಬೇಕು. ರೇಸ್ ರೋಚಕವಾಗಿರುತ್ತದೆ, ನಿಜ. ಆದರೆ ಒಂದು ದೇಶದ ಬಲ ಅಳೆಯಲು ವಿಶ್ವಕಪ್ಪೇ ಸರಿಯಾದ ಅಳತೆ ಎಂಬುದು ನನ್ನ ಗಟ್ಟಿ ನಂಬಿಕೆ.

2023ರಲ್ಲಿ ವಿಶ್ವಕಪ್ ಮರಳಿ ಬಂತು. ಫೈನಲ್ ನಡೆದದ್ದು ವ್ರೋತ್ಸ್‌ವಾಫ್‌ನಲ್ಲಿ. ಬ್ರಿಟನ್ ತಂಡದ ಡ್ಯಾನ್ ಬ್ಯೂಲಿಗೂ ಅದು ಸ್ವಂತ ಕ್ಲಬ್ಬಿನ ಟ್ರ್ಯಾಕ್, ಹಾಗಾಗಿ ತವರಿನ ಲಾಭ ಪೋಲೆಂಡಿಗೆ ಮಾತ್ರ ಇತ್ತು ಎನ್ನುವಂತಿರಲಿಲ್ಲ. ಪೋಲೆಂಡ್ 33, ಬ್ರಿಟನ್ 31. ಒಂಬತ್ತನೆಯ ವಿಶ್ವಕಪ್ ಪೋಲೆಂಡಿನ ಪಾಲಾಯಿತು.