ಫೈಲಿನಲ್ಲಿ ಸಮಾಲೋಚಕರೇ ಕಾಣುವುದಿಲ್ಲ

ಮನಃಶಾಸ್ತ್ರದಲ್ಲಿ ಎಂ.ಎಸ್ಸಿ.ಯನ್ನೋ ಸಮಾಜಕಾರ್ಯದಲ್ಲಿ ಎಂ.ಎಸ್.ಡಬ್ಲ್ಯೂ.ವನ್ನೋ ಮುಗಿಸಿ ಕಾಲೇಜಿನಲ್ಲಿ, ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕರಾಗಿ ಸೇರಿದವರು ಮೇಲ್ವಿಚಾರಣೆಗೆಂದು, ಅಂದರೆ ತಮ್ಮ ಕೆಲಸವನ್ನು ಹಿರಿಯರೊಬ್ಬರೊಡನೆ ಕೂತು ಪರಿಶೀಲಿಸಿಕೊಳ್ಳಲು, ನನ್ನಲ್ಲಿಗೆ ಬರುವಾಗ ದಪ್ಪನೆಯ ಫೈಲು ತರುತ್ತಾರೆ. ಸಮಾಲೋಚನೆಗೆ ಬಂದವರ ವಯಸ್ಸು, ಮನೆಯಲ್ಲಿ ಯಾರಿಗೆ ಕಾಯಿಲೆಯಿತ್ತು, ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಸಮಾಲೋಚಕರು ಮಾತ್ರ ಎಲ್ಲಿಯೂ ಇರುವುದಿಲ್ಲ. ಓದಿ ಮುಗಿಸಿ, “ಇವರಿಗೆ ಏನು ಹೇಳಲಿ ಮೇಡಂ?” ಎನ್ನುತ್ತಾರೆ.

ನಾನು ಕಂಡೇ ಇರದ ವ್ಯಕ್ತಿಗೆ ನಾನು ಹೇಳಿಕೊಟ್ಟ ಮಾತನ್ನು ಇನ್ನೊಬ್ಬರು ಹೋಗಿ ಒಪ್ಪಿಸಿದರೆ ಅದು ಸಮಾಲೋಚನೆಯಾಗುವುದಿಲ್ಲ. ಪ್ರಾಣಾಪಾಯದ ಸೂಚನೆಯಿದ್ದರೆ ಮಾತು ಬೇರೆ: ಆಗ ಮೇಲ್ವಿಚಾರಣೆಯ ದಿನಕ್ಕೆ ಕಾಯದೆ ಅಂದೇ ಮನೋವೈದ್ಯರಿಗೆ ತಿಳಿಸಬೇಕು, ನನಗೂ ಫೋನ್ ಮಾಡಬೇಕು. ಉಳಿದಂತೆ ನನಗೆ ಬೇಕಾದುದು ಕೋಣೆಯೊಳಗಿನ ಐದು ನಿಮಿಷದ ಮಾತುಕತೆ. ಅವರು ಏನೆಂದರು, ಅದಕ್ಕೆ ನೀವು ಏನೆಂದಿರಿ, ಆಮೇಲೆ ಯಾರು ಸುಮ್ಮನಾದರು, ಆ ಮೌನದಲ್ಲಿ ನಿಮಗೆ ಏನನ್ನಿಸಿತು. ಬಂದವರು ಒಪ್ಪಿದ್ದರೆ ಧ್ವನಿಮುದ್ರಣ ತನ್ನಿ, ಇಲ್ಲವಾದರೆ ಭೇಟಿ ಮುಗಿದೊಡನೆ ನೆನಪಿದ್ದಷ್ಟನ್ನು ಬರೆದು ತನ್ನಿ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ಸಲ ಮತ್ತೆ ಫೈಲೇ ಬರುತ್ತದೆ.

ಗುರುತು ಸಿಗದಂತೆ ವಿವರ ಬದಲಿಸಿ ಒಂದು ಸಂಗತಿ ಹೇಳುತ್ತೇನೆ. ದ್ವಿತೀಯ ಪಿಯುಸಿಯಲ್ಲಿ ಫೇಲಾದ ಹುಡುಗನೊಬ್ಬ ‘ಸಹಕರಿಸುತ್ತಿಲ್ಲ’ ಎಂದು ಯುವ ಸಮಾಲೋಚಕಿಯೊಬ್ಬರು ದಾಖಲಿಸಿದ್ದರು. ಮಾತುಕತೆಯನ್ನು ಸಾಲುಸಾಲಾಗಿ ಬರೆಸಿದೆ. “ಅಪ್ಪ ಈಗ ನನ್ನ ಜೊತೆ ಊಟಕ್ಕೆ ಕೂರೋದಿಲ್ಲ” ಎಂದು ಹುಡುಗ ಹೇಳಿದ ಮರುಕ್ಷಣವೇ ಆಕೆ ಮುಂದಿನ ಪರೀಕ್ಷೆಗೆ ಟೈಮ್‌ಟೇಬಲ್ ಹಾಕಿಕೊಳ್ಳುವ ವಿಷಯ ತೆಗೆದಿದ್ದರು. ಅಲ್ಲಿಂದ ಮುಂದೆ ಅವನ ಕಡೆ ಬರೀ “ಹೂಂ”, “ಗೊತ್ತಿಲ್ಲ”. ಆ ಸಾಲಿನ ಬಳಿ ನಿಲ್ಲಲು ಏಕೆ ಕಷ್ಟವಾಯಿತು ಎಂದು ಕೇಳಿದಾಗ, “ನಮ್ಮ ಮನೇಲೂ ಹೀಗೇ ಆಗಿತ್ತು ಮೇಡಂ” ಎಂದರು. ಆಕೆಯ ಮನೆಯ ನೋವಿಗೆ ಚಿಕಿತ್ಸೆ ನೀಡುವುದು ನನ್ನ ಕೆಲಸವಲ್ಲ, ಬೇಕೆನಿಸಿದರೆ ಅದಕ್ಕೆ ಬೇರೊಬ್ಬರಲ್ಲಿ ಹೋಗಬೇಕು. ಆ ನೋವು ಹುಡುಗನ ಮಾತಿಗೆ ಎಲ್ಲಿ ಅಡ್ಡ ಬಂತು ಎಂದು ತೋರಿಸುವವರೆಗೆ ಮಾತ್ರ ನನ್ನ ಪಾತ್ರ. ಮುಂದಿನ ಭೇಟಿಯಲ್ಲಿ ಆಕೆ ಊಟದ ವಿಷಯವನ್ನೇ ಕೇಳಿದರು, ಹುಡುಗ ಮಾತಾಡಿದ. ಎಲ್ಲರ ವಿಷಯದಲ್ಲೂ ಹೀಗೆ ಬೇಗ ದಾರಿ ತೆರೆಯುತ್ತದೆಂದು ನಾನು ಹೇಳಲಾರೆ.

ಫೋನಿನಲ್ಲಿ ಕೆಲಸ ಮಾಡುವವರಿಗೆ ಹೀಗೆ ಒಂದು ಮಾತಿನ ಬಳಿ ನಿಲ್ಲುವುದು ಇನ್ನೂ ಕಠಿಣ. 2022ರ ಅಕ್ಟೋಬರ್ 10ರಂದು 14416 ಸಂಖ್ಯೆಯ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಆರಂಭವಾದ ಮೇಲೆ ಇಂಥ ಕೆಲಸಕ್ಕೆ ಬರುವ ಯುವಕರಿಗೆ ದಾರಿಯೊಂದು ತೆರೆದಿದೆ. ಮುಖ ಕಾಣದಿರುವಾಗ ಮೌನ ಲೈನ್ ಕಟ್ಟಾದಂತೆ ಕೇಳಿಸುವುದರಿಂದ ಸಲಹೆ ತಾನಾಗಿ ನಾಲಿಗೆಗೆ ಬಂದುಬಿಡುತ್ತದೆ.

ಬರೆದು ತರುವಾಗ ಹೆಸರು, ಊರು ತೆಗೆದು ತರಬೇಕೆಂಬುದು ಎಲ್ಲರಿಗೂ ತಿಳಿದದ್ದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಇಲ್ಲಿನ ಮಾತನ್ನು ಮೇಲ್ವಿಚಾರಕರೊಡನೆ ಚರ್ಚಿಸುವುದಿದೆ ಎಂದು ಬಂದವರಿಗೆ ಮೊದಲ ಭೇಟಿಯಲ್ಲೇ ತಿಳಿಸುವುದನ್ನು ಮಾತ್ರ ಹಲವರು ಮರೆಯುತ್ತಾರೆ.

ಇನ್ನು ಆಡಳಿತದವರು. ತಿಂಗಳಿಗೆ ಎಷ್ಟು ಮಂದಿಯನ್ನು ನೋಡಿದರೆಂಬ ರಿಜಿಸ್ಟರಿಗೆ ನನ್ನ ಸಹಿ ಬೇಕೆನ್ನುತ್ತಾರೆ, ಸಮಾಲೋಚಕರು ಹೇಗಿದ್ದಾರೆಂದು ಗುಟ್ಟಾಗಿ ವರದಿಯನ್ನೂ ಕೇಳುತ್ತಾರೆ. ವರದಿ ಮೇಲಕ್ಕೆ ಹೋಗುತ್ತದೆಂದು ಗೊತ್ತಾದ ಮೇಲೆ ತಾನು ಎಡವಿದ ಸಾಲನ್ನು ಯಾರು ತಾನೇ ಬರೆದು ತಂದಾರು? ಸಮಾಲೋಚಕರು ನನ್ನಲ್ಲಿಗೆ ಬಂದ ದಿನ, ಕೂತ ಹೊತ್ತು, ಇಷ್ಟನ್ನು ನಾನು ಬರೆದುಕೊಡುತ್ತೇನೆ. ಯಾರದಾದರೂ ಸುರಕ್ಷತೆಗೆ ಧಕ್ಕೆಯಾಗುವಂತಿದ್ದರೆ ತಿಳಿಸುತ್ತೇನೆ, ಆದರೆ ಅದನ್ನು ಮೊದಲು ಸಮಾಲೋಚಕರಿಗೆ ಹೇಳಿಯೇ ತಿಳಿಸುತ್ತೇನೆ.