ಚೀನೀಯರ ಸ್ಮಶಾನಕ್ಕೆ ಬ್ರಿಟಿಷ್ ವರ್ತಕನ ಹೆಸರೇಕೆ?

ಪ್ರಶ್ನೆ: ಸಿಂಗಪುರದ ಬುಕಿಟ್ ಬ್ರೌನ್ ಚೀನೀಯರ ಸ್ಮಶಾನವಾಗಿದ್ದರೂ ಅದಕ್ಕೆ ಇಂಗ್ಲಿಷ್ ಹೆಸರು ಬಂದದ್ದು ಹೇಗೆ?

ಉತ್ತರ: ಅದು ಆ ನೆಲದ ಹಳೆಯ ಒಡೆಯನ ಹೆಸರು. ಮಲಯ ಭಾಷೆಯಲ್ಲಿ ‘ಬುಕಿಟ್’ ಎಂದರೆ ಗುಡ್ಡ. ಜಾರ್ಜ್ ಹೆನ್ರಿ ಬ್ರೌನ್ ಎಂಬ ಬ್ರಿಟಿಷ್ ವರ್ತಕ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಜಮೀನು ಹೊಂದಿದ್ದನು. ಹೊಕ್ಕಿಯೆನ್ ಮಾತಾಡುವ ಚೀನೀಯರು ಮಾತ್ರ ಅದನ್ನು ‘ಕೋಪಿ ಸುವಾ’, ಅಂದರೆ ಕಾಫಿ ಗುಡ್ಡ, ಎಂದೇ ಕರೆಯುತ್ತಾ ಬಂದರು.

1870ರ ದಶಕದಲ್ಲಿ ಈ ನೆಲ ಓಂಗ್ ಮನೆತನದವರ ಕೈಸೇರಿ, ಮುಂದೆ ಅವರ ಕುಲದ ಸ್ಮಶಾನವಾಯಿತು. ಆ ಕಾಲದ ಚೀನೀ ಸ್ಮಶಾನಗಳು ಬಹುಮಟ್ಟಿಗೆ ಒಂದೊಂದು ಕುಲಕ್ಕೆ ಅಥವಾ ಒಂದೊಂದು ಉಪಭಾಷೆಯ ಸಮುದಾಯಕ್ಕೆ ಸೇರಿದ್ದವು. ನಗರಸಭೆಯು 1919ರಲ್ಲಿ ಭೂಮಿಯನ್ನು ವಶಪಡಿಸಿಕೊಂಡು, ಯಾವ ಕುಲದವರಾದರೂ ಸರಿ, ಎಲ್ಲ ಚೀನೀಯರಿಗೂ ಮುಕ್ತವಾದ ಸಾರ್ವಜನಿಕ ಸ್ಮಶಾನವನ್ನು 1922ರ ಜನವರಿ 1ರಂದು ತೆರೆಯಿತು. ನನ್ನ ದೃಷ್ಟಿಯಲ್ಲಿ ಈ ಗುಡ್ಡದ ಇತಿಹಾಸದ ಅತಿ ದೊಡ್ಡ ತಿರುವು ಇದೇ. ಆದರೆ ಆಡಳಿತದ ಬಳಕೆಯಲ್ಲಿ ಬ್ರೌನನ ಹೆಸರೇ ಉಳಿಯಿತು. 1973ರಲ್ಲಿ ಸ್ಮಶಾನ ಮುಚ್ಚುವ ಹೊತ್ತಿಗೆ ಅಲ್ಲಿ ಸುಮಾರು 1 ಲಕ್ಷ ಸಮಾಧಿಗಳಿದ್ದವು.

ಬೆನ್ನಿಗೆ ಗುಡ್ಡ, ಮುಂದೆ ಬಯಲಿರಬೇಕೆಂಬ ಫೆಂಗ್‌ಶುಯಿ ನಂಬಿಕೆಯಂತೆ, ತೋಳು ಚಾಚಿದ ಕುರ್ಚಿಯ ಆಕಾರದ ಸಮಾಧಿಗಳನ್ನು ಇಳಿಜಾರಿನಲ್ಲಿ ಕಟ್ಟಲಾಗಿದೆ. ಅವುಗಳಲ್ಲಿ ಅತಿ ದೊಡ್ಡದಾದ ಓಂಗ್ ಸಾಮ್ ಲಿಯಾಂಗ್ ಎಂಬ ವ್ಯಾಪಾರಿಯ ಸಮಾಧಿಯ ಮುಂದೆ ಸಿಖ್ ಕಾವಲುಗಾರರ ಶಿಲಾಪ್ರತಿಮೆಗಳು ನಿಂತಿವೆ. ಬ್ರಿಟಿಷರ ಕಾಲದ ಸಿಂಗಪುರದಲ್ಲಿ ಬ್ಯಾಂಕುಗಳನ್ನೂ ಸಿರಿವಂತರ ಮನೆಗಳನ್ನೂ ಕಾಯುತ್ತಿದ್ದವರು ಪಂಜಾಬಿನಿಂದ ಹೋದ ಸಿಖ್ಖರು. ಬದುಕಿದ್ದಾಗಿನ ಆ ಕಾವಲು ಸತ್ತ ಮೇಲೂ ಇರಲೆಂದು ಕುಟುಂಬಗಳು ಬಯಸಿದವು. ಚೀನೀಯರ ಸ್ಮಶಾನದಲ್ಲಿ ನಮ್ಮ ದೇಶದವರ ರುಮಾಲನ್ನು ಕಲ್ಲಿನಲ್ಲಿ ಕಾಣುವುದು ನನಗೆ ಬಹಳ ಆಪ್ತವೆನಿಸುತ್ತದೆ.

ಸ್ಮಶಾನದ ನಡುವೆ ರಸ್ತೆ ಹಾಯಿಸುವ ಯೋಜನೆಯನ್ನು 2011ರಲ್ಲಿ ಸರ್ಕಾರ ಪ್ರಕಟಿಸಿತು. ಸುಮಾರು 4,000 ಸಮಾಧಿಗಳನ್ನು ಅಗೆದು ತೆಗೆಯುವ ಮೊದಲು ಸಂಶೋಧಕರೂ ಸ್ವಯಂಸೇವಕರೂ ಅವುಗಳ ಬರಹ, ಚಿತ್ರ, ಕುಟುಂಬದ ಕಥೆಗಳನ್ನು ದಾಖಲಿಸಿದರು. ಅಪಾಯದಲ್ಲಿರುವ ಸ್ಮಾರಕಗಳ 2014ರ ಜಾಗತಿಕ ಪಟ್ಟಿಯಲ್ಲೂ ಈ ತಾಣ ಸೇರಿತು. ರಸ್ತೆ 2018ರಲ್ಲಿ ಸಂಚಾರಕ್ಕೆ ತೆರೆಯತೊಡಗಿತು.

ಉಳಿದ ಸಮಾಧಿಗಳ ಬಳಿಗೆ ಏಪ್ರಿಲ್ ಆಸುಪಾಸಿನ ಚಿಂಗ್‌ಮಿಂಗ್ ದಿನಗಳಲ್ಲಿ ಮನೆಯವರು ಬಂದು, ಕಳೆ ಕಿತ್ತು, ಎಡೆಯಿಟ್ಟು, ಮಾಸಿದ ಅಕ್ಷರಗಳಿಗೆ ಮತ್ತೆ ಬಣ್ಣ ತುಂಬುತ್ತಾರೆ. ಅನೇಕ ಕಲ್ಲುಗಳ ಮೇಲೆ ಸತ್ತವರ ಹೆಸರಿನೊಡನೆ, ಚೀನಾದಲ್ಲಿ ಅವರ ಹಿರಿಯರು ಬಿಟ್ಟುಬಂದ ಊರಿನ ಹೆಸರೂ ಇರುತ್ತದೆ.